ಶಾಲೆ ಗೇಟಿನ ಮುಂದೆ ತೆಗೆದ ಆ ವಿಡಿಯೋಗಳನ್ನು ಅಳಿಸಿ: ಕನ್ನಡ ಸುದ್ದಿವಾಹಿನಿಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. 2022ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಎಷ್ಟೋ ಶಾಲೆ, ಕಾಲೇಜುಗಳ ಗೇಟಿನ ಮುಂದೆ ನಿಮ್ಮ ಕ್ಯಾಮೆರಾಗಳು ನಿಂತಿದ್ದವು. ಹಿಜಾಬ್, ಬುರ್ಖಾ ತೆಗೆದು ಒಳಗೆ ಹೋಗುತ್ತಿದ್ದ ಹೆಣ್ಣುಮಕ್ಕಳನ್ನು ಹತ್ತಿರದಿಂದ ಚಿತ್ರೀಕರಿಸಿದವು. ಆ ವಿಡಿಯೋಗಳು ಇವತ್ತಿಗೂ ಯೂಟ್ಯೂಬಿನಲ್ಲಿ ಇವೆ. ಹುಡುಕಿದರೆ ಸಿಗುತ್ತವೆ. ಮುಖ ಕಾಣುತ್ತದೆ, ಯೂನಿಫಾರ್ಮ್ ಕಾಣುತ್ತದೆ, ಕೆಲವು ಕಡೆ ಶಾಲೆಯ ಬೋರ್ಡೂ ಕಾಣುತ್ತದೆ. ಅವನ್ನು ತೆಗೆದುಹಾಕಿ ಎಂದು ಕೇಳಲಿಕ್ಕೆ ಈ ಪತ್ರ. ತೆಗೆಯಲು ಆಗುವುದೇ ಇಲ್ಲ ಎನ್ನುವುದಾದರೆ ಮುಖವನ್ನಾದರೂ ಮಸುಕು ಮಾಡಿ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಊರಿನ ಹೆಸರು, ಶಾಲೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾವ ಮಕ್ಕಳ ಬಗ್ಗೆ ಹೇಳುತ್ತಿದ್ದೇನೆ ಎಂದು ಊರಿನವರಿಗೆ ತಕ್ಷಣ ಗೊತ್ತಾಗುತ್ತದೆ. ಮತ್ತೆ ಅವರ ಮನೆ ಮುಂದೆ ಯಾರಾದರೂ ಹೋಗಿ ನಿಲ್ಲುವುದು ಬೇಡ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಹಿಜಾಬ್ ಇರಬೇಕೋ ಬೇಡವೋ ಎಂದು ವಾದ ಮಾಡಲು ನಾನು ಕುಳಿತಿಲ್ಲ. ಆ ವಿಷಯದಲ್ಲಿ ನಮ್ಮ ಹೈಕೋರ್ಟ್ 2022ರ ಮಾರ್ಚ್ 15ರಂದು ತೀರ್ಪು ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಆ ಪ್ರಶ್ನೆಗೆ ನಿಮ್ಮ ಉತ್ತರ ಏನೇ ಇರಲಿ, ನನ್ನ ಉತ್ತರ ಏನೇ ಇರಲಿ, ನಾನು ಕೇಳುತ್ತಿರುವುದು ಬದಲಾಗುವುದಿಲ್ಲ. ನನ್ನ ತಕರಾರು ಇರುವುದು ಕ್ಯಾಮೆರಾದ ಬಗ್ಗೆ.

ಆ ದಿನಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಫೆಬ್ರವರಿ 8ರಂದು ಹಿಜಾಬ್ ವಿಷಯಕ್ಕೆ ಹಲವು ಊರುಗಳಲ್ಲಿ ಗಲಾಟೆಯಾಯಿತು. ಸರ್ಕಾರ ಮೂರು ದಿನ ರಜೆ ಕೊಟ್ಟಿತು. 10ರಂದು ಹೈಕೋರ್ಟಿನ ಪೂರ್ಣ ಪೀಠ ಮಧ್ಯಂತರ ಆದೇಶ ಮಾಡಿತು. 14ರ ಸೋಮವಾರ ಹೈಸ್ಕೂಲುಗಳು ತೆರೆದವು. ಉಡುಪಿ ಜಿಲ್ಲೆಯಲ್ಲಿ ಹೈಸ್ಕೂಲುಗಳ ಸುತ್ತ 200 ಮೀಟರ್ ಒಳಗೆ ಜನ ಸೇರಬಾರದು ಎಂದು 144ನೇ ಸೆಕ್ಷನ್ ಹಾಕಿದ್ದರು. ಶಾಲೆಯ ಹತ್ತಿರ ಗುಂಪು ಕಟ್ಟಿದರೆ ಮಕ್ಕಳಿಗೆ ಭಯವಾಗುತ್ತದೆ ಎಂದು ಆಡಳಿತಕ್ಕೆ ಅರ್ಥವಾಗಿತ್ತು. ಆದರೆ ಮೈಕು ಹಿಡಿದು ಬಂದವರೂ ಒಂದು ಗುಂಪೇ ಎಂದು ಯಾರಿಗೂ ಅನ್ನಿಸಲಿಲ್ಲ.

ಮಧ್ಯಂತರ ಆದೇಶದಲ್ಲಿ ಏನಿತ್ತು ಎಂಬುದೂ ಮುಖ್ಯ. ಹಿಜಾಬ್, ಕೇಸರಿ ಶಾಲು, ಧಾರ್ಮಿಕ ಬಾವುಟ ಇಂಥವು ಬೇಡ ಎಂದು ಕೋರ್ಟ್ ಹೇಳಿದ್ದು ತರಗತಿಯ ಒಳಗೆ. ಅದೂ ಕಾಲೇಜು ಅಭಿವೃದ್ಧಿ ಸಮಿತಿಯವರು ಸಮವಸ್ತ್ರ ಗೊತ್ತುಮಾಡಿದ ಕಡೆ. ರಸ್ತೆಯ ಮಧ್ಯೆ ತೆಗೆಯಬೇಕು ಎಂದು ಎಲ್ಲೂ ಹೇಳಿರಲಿಲ್ಲ. ಒಂದು ಹುಡುಗಿ ಗೇಟು ದಾಟಿ ಒಳಗೆ ಬಂದು, ಯಾವುದೋ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ತೆಗೆದು ಮಡಚಿ ಬ್ಯಾಗಿಗೆ ಹಾಕಿಕೊಂಡು ಕ್ಲಾಸಿಗೆ ಹೋಗಲು ಬೇಕಾದಷ್ಟು ಜಾಗ ಆ ಆದೇಶದಲ್ಲೇ ಇತ್ತು. ಗೇಟಿನಲ್ಲೇ ತೆಗೆಸಿದ್ದು ನಮ್ಮಂಥ ಶಾಲೆಗಳವರು. ಆ ಹೊಣೆ ಶಾಲೆಗಳದ್ದು, ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಆದರೆ ಗೇಟಿನಲ್ಲಿ ತೆಗೆಯುವುದನ್ನು ಇಡೀ ರಾಜ್ಯ ಕುಳಿತು ನೋಡುವ ಹಾಗೆ ಮಾಡಿದ್ದು ನೀವು.

ನಮ್ಮ ಶಾಲೆಯಲ್ಲಿ ಆವತ್ತು ಹತ್ತನೇ ಕ್ಲಾಸಿಗೆ ಪ್ರಿಪರೇಟರಿ ಪರೀಕ್ಷೆ ಇತ್ತು. ಒಬ್ಬ ಹುಡುಗಿ ಅಮ್ಮನ ಜೊತೆ ಬಂದಳು. ಓದಿನಲ್ಲಿ ಚುರುಕು, ಮಾತು ಕಡಿಮೆ. ಗೇಟಿನ ಪಕ್ಕ ಗೋಡೆಗೆ ಮುಖ ಮಾಡಿ ನಿಂತು ಹಿಜಾಬಿನ ಪಿನ್ನು ಬಿಚ್ಚತೊಡಗಿದಳು. ಬಿಚ್ಚಿದ ಪಿನ್ನುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಕೈಯಲ್ಲಿ ಪರೀಕ್ಷೆ ಬರೆಯುವ ಪ್ಯಾಡು. ಅಷ್ಟರಲ್ಲಿ ಎಡಗಡೆಯಿಂದ ಒಂದು ಕ್ಯಾಮೆರಾ ಬಂತು, ಅದರ ಹಿಂದೆ ಇನ್ನೊಂದು. ಮೈಕು ಅವಳ ಗದ್ದದ ಹತ್ತಿರ ಬಂತು. "ಏನಮ್ಮಾ, ನಿನಗೆ ಹಿಜಾಬ್ ಮುಖ್ಯನಾ, ಶಿಕ್ಷಣ ಮುಖ್ಯನಾ?" ಬಾಯಲ್ಲಿ ಪಿನ್ನು ಇರುವ ಹುಡುಗಿ ಏನು ಹೇಳಬೇಕು? ಪ್ಯಾಡನ್ನು ಮುಖಕ್ಕೆ ಅಡ್ಡ ಹಿಡಿದಳು. ಪಿನ್ನುಗಳನ್ನು ಕೈಗೆ ತೆಗೆದುಕೊಂಡು, "ಅಣ್ಣಾ, ಬಿಡಿ ಅಣ್ಣಾ, ಪರೀಕ್ಷೆ ಇದೆ" ಎಂದಳು. ಕ್ಯಾಮೆರಾ ಪ್ಯಾಡನ್ನು ಬಳಸಿಕೊಂಡು ಆ ಕಡೆಯಿಂದ ಬಂತು. ಅವಳ ಅಮ್ಮ ತನ್ನ ದುಪಟ್ಟಾವನ್ನು ಅಗಲ ಮಾಡಿ ಮಗಳಿಗೆ ಮರೆ ಹಿಡಿದರು. ನಾವು ಟೀಚರುಗಳು ಇಬ್ಬರು ಓಡಿಹೋಗಿ ಅವಳನ್ನು ಒಳಗೆ ಕರೆದುಕೊಂಡು ಬಂದೆವು.

ಸಂಜೆ ಟಿವಿಯಲ್ಲಿ ನೋಡಿದೆವು. "ಶಾಲೆ ಗೇಟಲ್ಲಿ ಹಿಜಾಬ್ ಹೈಡ್ರಾಮಾ" ಎಂದು ಪಟ್ಟಿ ಓಡುತ್ತಿತ್ತು. ಅವಳ ಮುಖದ ಸುತ್ತ ಕೆಂಪು ಬಣ್ಣದ ವೃತ್ತ. ಪಿನ್ನು ತೆಗೆಯುವುದನ್ನು ನಿಧಾನ ಮಾಡಿ ಮತ್ತೆ ಮತ್ತೆ ತೋರಿಸಿದರು. ಹಿನ್ನೆಲೆಯಲ್ಲಿ ಡಮಡಮ ಸಂಗೀತ. ಅಮ್ಮ ಮರೆ ಹಿಡಿದದ್ದನ್ನು "ಕ್ಯಾಮೆರಾ ಮುಂದೆ ಪೋಷಕರ ಕಿರಿಕ್" ಎಂದರು. ಅವಳು "ಪರೀಕ್ಷೆ ಇದೆ" ಎಂದ ಮಾತು ಮಾತ್ರ ಎಲ್ಲೂ ಬರಲಿಲ್ಲ.

ಆ ಚಾನೆಲ್ಲಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದವರೆಲ್ಲ "ನಾವಲ್ಲ" ಎಂದು ಸುಮ್ಮನಾಗುತ್ತೀರಿ. ಆ ವಾರ ಹೀಗೆ ಮಾಡಿದ್ದು ಒಂದೇ ಚಾನೆಲ್ ಅಲ್ಲ ಎಂಬುದು ನಿಮಗೂ ಗೊತ್ತು.

ಆ ತುಣುಕು ಅದೇ ರಾತ್ರಿ ಊರಿನ ವಾಟ್ಸಾಪ್ ಗುಂಪುಗಳಿಗೆ ಬಂತು. ಸೌದಿಯಲ್ಲಿದ್ದ ಅವಳ ಸೋದರಮಾವನ ಫೋನಿಗೂ ಹೋಯಿತು. ತೆಗೆದಳು ಎಂದು ಒಂದಷ್ಟು ಜನ ಬೈದರು, ತೆಗೆಯಲು ತಡ ಮಾಡಿದಳು ಎಂದು ಇನ್ನೊಂದಷ್ಟು ಜನ ಬೈದರು. ಅವಳು ಬಸ್ಸಿನಲ್ಲಿ ಹೋದರೆ "ಟಿವಿಯಲ್ಲಿ ಬಂದವಳು" ಎಂದು ಗುರುತಿಸುವುದು ಶುರುವಾಯಿತು. ಮಾರ್ಚ್ 28ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಅವಳು ಬರೆದಳು, ಪಾಸಾದಳು. ಆದರೆ ಪಿಯುಸಿಗೆ ಅದೇ ಊರಿನ ಕಾಲೇಜಿಗೆ ಹೋಗಲು ಒಪ್ಪಲಿಲ್ಲ. ಅಜ್ಜಿಯ ಊರಿಗೆ ಹೋದಳು. ಈಗ ಡಿಗ್ರಿ ಓದುತ್ತಿದ್ದಾಳೆ. ನಾಳೆ ಕೆಲಸಕ್ಕೆ ಅರ್ಜಿ ಹಾಕುತ್ತಾಳೆ. ಸಂದರ್ಶನಕ್ಕೆ ಕೂರಿಸುವವರಲ್ಲಿ ಒಬ್ಬರು ಆ ವಿಡಿಯೋ ನೋಡಿದ್ದರೆ? ಈ ಭಯ ಅವಳದ್ದೇ, ನಾನು ಕಟ್ಟಿದ್ದಲ್ಲ. ಕಳೆದ ಸಲ ಸಿಕ್ಕಾಗ ಅವಳು ಕೇಳಿದ್ದು ಒಂದೇ: "ಮೇಡಂ, ಅದನ್ನು ತೆಗೆಸಲಿಕ್ಕೆ ಆಗುತ್ತಾ?"

ನಮ್ಮ ಜೊತೆ ಕೆಲಸ ಮಾಡುವ ಗಣಿತದ ಟೀಚರೊಬ್ಬರ ವಿಷಯವನ್ನೂ ಹೇಳಬೇಕು. ಎಷ್ಟೋ ವರ್ಷದಿಂದ ಅವರು ಬುರ್ಖಾ ಹಾಕಿಕೊಂಡು ಬಸ್ಸಿನಲ್ಲಿ ಬಂದು, ಸ್ಟಾಫ್ ರೂಮಿನಲ್ಲಿ ತೆಗೆದು ಮೊಳೆಗೆ ನೇತುಹಾಕಿ, ಸೀರೆಯಲ್ಲಿ ಪಾಠ ಮಾಡುತ್ತಾರೆ. ಯಾರಿಗೂ ಅದು ವಿಷಯವೇ ಆಗಿರಲಿಲ್ಲ. ಆ ವಾರ ಅವರೂ ಗೇಟಿನಲ್ಲೇ ತೆಗೆಯಬೇಕಾಯಿತು, ಕ್ಯಾಮೆರಾ ಮುಂದೆ. ಮಧ್ಯಂತರ ಆದೇಶ ವಿದ್ಯಾರ್ಥಿಗಳಿಗೆ ಮಾತ್ರ, ಶಿಕ್ಷಕರಿಗಲ್ಲ ಎಂದು ಹೈಕೋರ್ಟ್ ಪೀಠ ಫೆಬ್ರವರಿ 23ರ ವಿಚಾರಣೆಯಲ್ಲಿ ಸ್ಪಷ್ಟಪಡಿಸಿತು. ಅಷ್ಟರೊಳಗೆ ಅವರ ವಿಡಿಯೋ ಅವರ ಹಳೇ ವಿದ್ಯಾರ್ಥಿಗಳ ಫೋನಿಗೆಲ್ಲ ತಲುಪಿತ್ತು. ಪಾಠ ಕಲಿಸಿದ ಮಕ್ಕಳ ಮುಂದೆ ಹೀಗೆ ಕಾಣಿಸಿಕೊಳ್ಳುವುದು ಒಬ್ಬ ಟೀಚರಿಗೆ ಎಷ್ಟು ಕಷ್ಟ ಎಂದು ನಾನು ವಿವರಿಸಬೇಕಾಗಿಲ್ಲ ಅಲ್ವಾ?

"ರಸ್ತೆ ಸಾರ್ವಜನಿಕ ಜಾಗ, ಅಲ್ಲಿ ಚಿತ್ರೀಕರಿಸಲು ಯಾರ ಅನುಮತಿಯೂ ಬೇಡ" ಎಂದು ನಿಮ್ಮಲ್ಲಿ ಹಲವರು ಹೇಳುವುದನ್ನು ಕೇಳಿದ್ದೇನೆ. ಈ ಮಾತಿಗೆ ನಮ್ಮ ಕರ್ನಾಟಕದವರೇ ಒಬ್ಬರು ಕಾರಣರಾಗಿ ಉತ್ತರ ಸಿಕ್ಕಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಮನುಷ್ಯ ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಖಾಸಗಿತನ ಕಳೆದುಹೋಗುವುದಿಲ್ಲ, ಅದು ಜಾಗಕ್ಕಲ್ಲ, ಮನುಷ್ಯನಿಗೆ ಅಂಟಿಕೊಂಡದ್ದು ಎಂಬ ಮಾತು ಆ ತೀರ್ಪಿನಲ್ಲಿದೆ. ಅದಕ್ಕೂ ಮೊದಲು, 1994ರಲ್ಲಿ, ಕೊಲೆ ಅಪರಾಧಿ ಆಟೋ ಶಂಕರನ ಆತ್ಮಕಥೆಯನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಪ್ರಕರಣದಲ್ಲಿ ಇದೇ ಕೋರ್ಟ್ ಪತ್ರಿಕೆಗಳ ಸ್ವಾತಂತ್ರ್ಯವನ್ನು ಎತ್ತಿಹಿಡಿಯುತ್ತಲೇ ಇನ್ನೊಂದು ಮಾತು ಹೇಳಿತ್ತು. ಒಬ್ಬರ ಕುಟುಂಬ, ಮದುವೆ, ತಾಯ್ತನ, ಓದು ಇಂಥ ವಿಷಯಗಳನ್ನು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು ಎಂದು. ಓದು ಕೂಡ ಆ ಪಟ್ಟಿಯಲ್ಲಿದೆ.

ಕೋರ್ಟಿನ ಮಾತು ಬಿಡಿ. ನಿಮ್ಮದೇ ನಿಯಮ ನೋಡಿ. ಸುದ್ದಿವಾಹಿನಿಗಳ ಸಂಘ ಒಪ್ಪಿಕೊಂಡಿರುವ ನೀತಿ ಸಂಹಿತೆ ಇದೆಯಲ್ಲ, ಅದರಲ್ಲಿ ಖಾಸಗಿತನಕ್ಕೇ ಒಂದು ಭಾಗವಿದೆ. ದೊಡ್ಡ ಸಾರ್ವಜನಿಕ ಹಿತ ಇಲ್ಲದೆ ಯಾರ ಖಾಸಗಿ ಬದುಕಿಗೂ ನುಗ್ಗಬಾರದು ಎಂದಿದೆ. ಅಪ್ರಾಪ್ತ ಮಕ್ಕಳ ವಿಷಯವಾದರೆ ಸಾಧ್ಯವಿರುವ ಕಡೆ ತಂದೆತಾಯಿಯ ಅಥವಾ ಪೋಷಕರ ಒಪ್ಪಿಗೆ ಕೇಳಬೇಕು ಎಂದೂ ಇದೆ. ನಮ್ಮ ಗೇಟಿನಲ್ಲಿ ತಾಯಿ ಅಲ್ಲೇ ನಿಂತಿದ್ದರು. ಕೇಳುವುದು ಸಾಧ್ಯವಿತ್ತು. ದುಪಟ್ಟಾ ಅಡ್ಡ ಹಿಡಿದು ಅವರು ಉತ್ತರವನ್ನೂ ಕೊಟ್ಟಿದ್ದರು.

ತಪ್ಪಾದರೆ ದೂರು ಕೊಡಲು ವ್ಯವಸ್ಥೆ ಇದೆ ಎನ್ನುತ್ತೀರಿ. ಹೌದು, ಇದೆ. ಪ್ರೆಸ್ ಕೌನ್ಸಿಲ್ ಪತ್ರಿಕೆಗಳಿಗೆ ಮಾತ್ರ, ಟಿವಿಗೆ ಅಲ್ಲ. ಟಿವಿಗೆ ನೀವೇ ಕಟ್ಟಿಕೊಂಡ ಪ್ರಾಧಿಕಾರ ಇದೆ, ಅದೂ ಸಂಘದ ಸದಸ್ಯರಾದ ಚಾನೆಲ್ಲುಗಳಿಗೆ ಮಾತ್ರ. ಮೊದಲು ಚಾನೆಲ್ಲಿಗೇ ಬರೆಯಬೇಕು, ಪ್ರಸಾರವಾದ 7 ದಿನದೊಳಗೆ. ಉತ್ತರ ಸರಿಹೋಗದಿದ್ದರೆ ಪ್ರಾಧಿಕಾರಕ್ಕೆ ಬರೆಯಬೇಕು. ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಕಾರ್ಯಕ್ರಮದಲ್ಲಿ ಬಂತು, ಯಾವ ನಿಯಮ ಮುರಿಯಿತು ಎಂದು ವಿವರ ಕೊಡಬೇಕು. ಪರೀಕ್ಷೆಗೆ ಓದುತ್ತಿರುವ ಹುಡುಗಿ, ಬೀಡಿ ಕಟ್ಟುವ ತಾಯಿ, ಆ 7 ದಿನದಲ್ಲಿ ಇದನ್ನೆಲ್ಲ ಹೇಗೆ ಮಾಡುತ್ತಾರೆ? ಆ ವಾರ ಅವರು ಮನೆಯಿಂದ ಹೊರಗೆ ಬರುವುದಕ್ಕೇ ಹೆದರುತ್ತಿದ್ದರು.

ಕೆಲವು ಹುಡುಗಿಯರು ತಾವಾಗಿ ನಿಮ್ಮ ಮುಂದೆ ಬಂದು ಮಾತಾಡಿದರು, ನಿಜ. ಹಿಜಾಬ್ ವಿಷಯಕ್ಕೆ ಉಡುಪಿಯಿಂದ ಹೈಕೋರ್ಟಿಗೆ ಹೋದ ಹುಡುಗಿಯರು ಸಂದರ್ಶನ ಕೊಟ್ಟರು. ಮಾತಾಡುವುದು ಅವರ ಹಕ್ಕು, ಅದನ್ನು ತೋರಿಸುವುದು ನಿಮ್ಮ ಕೆಲಸ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವರು ಮಾತಾಡಿದರು ಎಂದ ಮಾತ್ರಕ್ಕೆ ಹಿಜಾಬ್ ಹಾಕಿದ ಪ್ರತಿಯೊಬ್ಬ ಹುಡುಗಿಯೂ ಮಾತಾಡಲು ಸಿದ್ಧಳಿದ್ದಾಳೆ ಎಂದಲ್ಲ. ಮಾತಾಡಿದವರ ಪಾಡಾದರೂ ಏನಾಯಿತು? ಅವರ ವಿಳಾಸ, ಫೋನ್ ನಂಬರ್ ಎಲ್ಲ ಸಾಮಾಜಿಕ ಜಾಲತಾಣದಲ್ಲಿ ಹರಿದಾಡಿದವು. ತಂದೆತಾಯಿಗಳು ಉಡುಪಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ದೂರು ಕೊಡಬೇಕಾಯಿತು.

ಅದಕ್ಕೆ ಒಂದೇ ತಿಂಗಳ ಹಿಂದೆ, 2022ರ ಜನವರಿಯಲ್ಲಿ, ಮುಸ್ಲಿಂ ಹೆಣ್ಣುಮಕ್ಕಳ ಫೋಟೋಗಳನ್ನು ಕದ್ದು 'ಹರಾಜಿಗೆ' ಎಂದು ಹಾಕಿದ ಬುಲ್ಲಿ ಬಾಯಿ ಆ್ಯಪ್ ಸುದ್ದಿಯಾಗಿತ್ತು. ಅದಕ್ಕೂ ಮೊದಲು 2021ರ ಜುಲೈನಲ್ಲಿ ಸುಲ್ಲಿ ಡೀಲ್ಸ್ ಎಂಬ ಹೆಸರಿನಲ್ಲಿ ಇದೇ ನಡೆದಿತ್ತು. ಬುಲ್ಲಿ ಬಾಯಿ ಪ್ರಕರಣದಲ್ಲಿ ಮುಂಬೈ ಪೊಲೀಸರು ಒಬ್ಬ ಆರೋಪಿಯನ್ನು ಹಿಡಿದದ್ದು ನಮ್ಮ ಬೆಂಗಳೂರಿನಲ್ಲೇ. ಆ ಸುದ್ದಿಯನ್ನು ನೀವೇ ತೋರಿಸಿದ್ದಿರಿ. ಈ ಕಾಲದಲ್ಲಿ ಒಬ್ಬ ಮುಸ್ಲಿಂ ಹುಡುಗಿಯ ಮುಖ ಒಪ್ಪಿಗೆ ಇಲ್ಲದೆ ಅಂತರ್ಜಾಲಕ್ಕೆ ಹೋದರೆ ಏನೇನು ಆಗಬಹುದು ಎಂದು ನಿಮಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಫೆಬ್ರವರಿಯಲ್ಲಿ ಶಾಲೆಯ ಮಕ್ಕಳ ಮುಖಕ್ಕೆ ಕೆಂಪು ವೃತ್ತ ಹಾಕಿದಿರಿ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಇಲ್ಲಿ.

ಇದು ಆವತ್ತು ಶುರುವಾದದ್ದೂ ಅಲ್ಲ. 2020ರ ಮಾರ್ಚಿನಲ್ಲಿ, ಕೊರೋನಾ ಹರಡುತ್ತಿದ್ದಾಗ, ದೆಹಲಿಯ ನಿಜಾಮುದ್ದೀನ್ ಮರ್ಕಜ್ ವಿಷಯ ಬಂದಾಗ ಅಲ್ಲಿ ಸೇರಿದ್ದ ತಬ್ಲೀಗಿ ಜಮಾತಿನವರ ಬಗ್ಗೆ ಏನೆಲ್ಲ ಪ್ರಸಾರವಾಯಿತು ಎಂದು ನೆನಪಿದೆ ಅಲ್ವಾ? ಮನೆ, ಬೀದಿ, ಮಸೀದಿ ಎಲ್ಲವೂ ಪರದೆಯ ಮೇಲೆ ಬಂದವು. ರೋಗ ಬಂದವರನ್ನು ರೋಗಿಯಾಗಿ ನೋಡದೆ ಆರೋಪಿಯಾಗಿ ನೋಡಿದರು. ಅದೇ ವರ್ಷ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿತು. ಪತ್ರಿಕೆ, ಟಿವಿಗಳಲ್ಲಿ ಅವರ ವಿರುದ್ಧ ದೊಡ್ಡ ಅಪಪ್ರಚಾರ ನಡೆಯಿತು ಎಂದೂ ಬರೆಯಿತು. ಪ್ರಕರಣದಲ್ಲಿ ಸಿಕ್ಕಿಕೊಂಡಿದ್ದ 70 ಭಾರತೀಯರಿಗೆ ಬಿಡುಗಡೆ ಸಿಕ್ಕಿದ್ದು 2025ರ ಜುಲೈನಲ್ಲಿ, ದೆಹಲಿ ಹೈಕೋರ್ಟ್ ಆರೋಪಪಟ್ಟಿಗಳನ್ನು ರದ್ದು ಮಾಡಿದ ಮೇಲೆ. ಐದು ವರ್ಷಕ್ಕೂ ಜಾಸ್ತಿ ಆಯಿತು. ಆ ಸುದ್ದಿಗೆ ನೀವು ಎಷ್ಟು ನಿಮಿಷ ಕೊಟ್ಟಿರಿ ಎಂದು ನಿಮ್ಮ ದಾಖಲೆ ತೆಗೆದು ನೋಡಿ.

2021ರ ಜೂನ್‌ನಲ್ಲಿ ನಿಮ್ಮದೇ ಪ್ರಾಧಿಕಾರ ಆ ಪ್ರಸಾರಗಳಿಗಾಗಿ ಎರಡು ಕನ್ನಡ ಚಾನೆಲ್ಲುಗಳಿಗೆ ದಂಡ ಹಾಕಿತು. ಒಂದಕ್ಕೆ 1 ಲಕ್ಷ ರೂಪಾಯಿ, ಇನ್ನೊಂದಕ್ಕೆ 50 ಸಾವಿರ. ಒಂದು ಚಾನೆಲ್ ಕ್ಷಮೆ ಕೇಳಬೇಕು ಎಂದೂ ಆದೇಶಿಸಿತು. ಅದಾಗಿ ಒಂದು ವರ್ಷವೂ ಕಳೆದಿರಲಿಲ್ಲ, ಗೇಟುಗಳ ಮುಂದೆ ಕ್ಯಾಮೆರಾ ಬಂದವು.

ಈಗ 'ಫೈಲ್ ಶಾಟ್' ವಿಷಯ, ಅಂದರೆ ಹಿಂದೆಂದೋ ತೆಗೆದಿಟ್ಟ ದೃಶ್ಯವನ್ನು ಬೇರೆ ಸುದ್ದಿಗೆ ಬಳಸುವುದು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತಿರುವ ಬುರ್ಖಾದ ಹೆಂಗಸೊಬ್ಬರ ದೃಶ್ಯ ನಿಮ್ಮ ಲೈಬ್ರರಿಯಲ್ಲಿ ಇರುತ್ತದೆ. ಎಂದೋ ಯಾವುದೋ ಹಬ್ಬದ ಸುದ್ದಿಗೆ ತೆಗೆದದ್ದು. ಆಮೇಲೆ ತಲಾಖ್ ಸುದ್ದಿ ಬಂದರೂ ಅದೇ ದೃಶ್ಯ. ಜನಸಂಖ್ಯೆಯ ಚರ್ಚೆಗೂ ಅದೇ. ಎಲ್ಲೋ ಬಾಂಬು ಸಿಕ್ಕಿತು ಎಂದಾಗಲೂ ವಾಚಕರ ಧ್ವನಿಯ ಹಿಂದೆ ಅದೇ ಹೆಂಗಸು ತರಕಾರಿ ಚೀಲ ಹಿಡಿದು ನಡೆಯುತ್ತಿರುತ್ತಾರೆ. ಜೊತೆಗೆ ಕೈ ಹಿಡಿದ ಮಗು. ಮಗುವಿನ ಮುಖ ಮುಚ್ಚಿರುವುದಿಲ್ಲ, ಪೂರ್ತಿ ಕಾಣುತ್ತದೆ. ಸುದ್ದಿಗೂ ಅವರಿಗೂ ಏನೂ ಸಂಬಂಧವಿಲ್ಲ. ಆದರೆ ಅವರ ಕೇರಿಯವರು ಗುರುತು ಹಿಡಿಯುತ್ತಾರೆ. ನಮ್ಮ ಮಕ್ಕಳೇ ಕ್ಲಾಸಿನಲ್ಲಿ "ನಿಮ್ಮಮ್ಮ ಟಿವೀಲಿ ಬಂದಿದ್ರು, ಬಾಂಬ್ ನ್ಯೂಸಲ್ಲಿ" ಎಂದು ಒಬ್ಬ ಹುಡುಗನಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಅವನು ಮೂರು ದಿನ ಶಾಲೆಗೆ ಬರಲಿಲ್ಲ.

ಕ್ರೈಸ್ತರ ವಿಷಯದಲ್ಲೂ ಬೇರೆ ರೀತಿಯಲ್ಲಿ ಇದೇ ನಡೆಯುತ್ತದೆ. ಯಾರದೋ ಮನೆಯಲ್ಲಿ ನಾಲ್ಕಾರು ಜನ ಕುಳಿತು ಪ್ರಾರ್ಥನೆ ಮಾಡುತ್ತಿರುತ್ತಾರೆ. ಒಂದು ಗುಂಪು ಮೊಬೈಲ್ ಹಿಡಿದು ನುಗ್ಗುತ್ತದೆ. ಒಬ್ಬೊಬ್ಬರ ಮುಖಕ್ಕೂ ಫೋನು ಹಿಡಿದು ಹೆಸರು ಕೇಳುತ್ತದೆ, ಜಾತಿ ಕೇಳುತ್ತದೆ, ಆಧಾರ್ ಕಾರ್ಡ್ ಕೇಳುತ್ತದೆ. ಆ ವಿಡಿಯೋ ನಿಮ್ಮ ಕೈಗೆ ಬರುತ್ತದೆ. "ವೈರಲ್ ವಿಡಿಯೋ" ಎಂದು ಹೆಸರಿಟ್ಟು ನೀವು ಪ್ರಸಾರ ಮಾಡುತ್ತೀರಿ. ತೆಗೆದದ್ದು ನಾವಲ್ಲ ಎನ್ನುತ್ತೀರಿ. ಬೇರೆಯವರ ಮನೆಗೆ ನುಗ್ಗಿದವರು ತೆಗೆದದ್ದು ಅದು. ನುಗ್ಗಿದವರ ಮುಖ ಅದರಲ್ಲಿ ಇರುವುದಿಲ್ಲ, ಯಾಕೆಂದರೆ ಫೋನು ಅವರ ಕೈಯಲ್ಲಿದೆ. ಮಂಡಿಯೂರಿ ಕುಳಿತವರ ಮುಖ ಮಾತ್ರ ರಾಜ್ಯಕ್ಕೆಲ್ಲ ಕಾಣುತ್ತದೆ. ಕೆಳಗೆ "ಮತಾಂತರದ ಅಡ್ಡೆ?" ಎಂದು ಒಂದು ಸಾಲು. ಪ್ರಶ್ನೆ ಚಿಹ್ನೆ ಹಾಕಿದರೆ ಹೊಣೆ ಮುಗಿಯಿತೇ? ಆ ಮನೆಯವರು ಮಾರನೇ ದಿನ ಅದೇ ಬೀದಿಯಲ್ಲಿ ಹಾಲು ತರಲು ಹೋಗಬೇಕು. ಬಾಡಿಗೆ ಮನೆಯಾದರೆ ಮಾಲೀಕರು ಖಾಲಿ ಮಾಡಿ ಎನ್ನುತ್ತಾರೆ.

ಬಹುಸಂಖ್ಯಾತರ ಖಾಸಗಿತನಕ್ಕೂ ನೀವು ಕೈ ಹಾಕುತ್ತೀರಿ, ಗೊತ್ತು. ಸಾವಿನ ಮನೆಯಲ್ಲಿ ಮೈಕು ಹಿಡಿಯುವುದನ್ನು ಎಲ್ಲರ ಮನೆಯಲ್ಲೂ ನೋಡಿದ್ದೇವೆ. ಅದೂ ತಪ್ಪೇ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಮನೆಯ ಗಲಾಟೆ ಟಿವಿಯಲ್ಲಿ ಬಂದರೆ ಅದು ನಮ್ಮ ಮನೆಯ ಗಲಾಟೆ ಮಾತ್ರ. ಅಲ್ಪಸಂಖ್ಯಾತರ ಮನೆಯ ಒಬ್ಬ ಹುಡುಗಿಯ ಮುಖ ಬಂದರೆ ಅದನ್ನು ಒಂದು ಸಮುದಾಯದ ಮುಖ ಎಂದು ತೋರಿಸುತ್ತೀರಿ. ಅವಳಿಗೆ ತನ್ನ ಹೆಸರಿನಲ್ಲಿ ಒಬ್ಬ ವಿದ್ಯಾರ್ಥಿನಿಯಾಗಿ ಇರಲು ಬಿಡುವುದಿಲ್ಲ. ಅದಕ್ಕೇ ಅವಳ ಮೇಲಿನ ಸಿಟ್ಟು ಅವಳ ತಂಗಿಯ ಮೇಲೂ, ಬಸ್ಸಿನಲ್ಲಿ ಪಕ್ಕ ಕುಳಿತ ಯಾರೋ ಅಪರಿಚಿತ ಹುಡುಗಿಯ ಮೇಲೂ ತಿರುಗುತ್ತದೆ.

ಆ ದಿನಗಳಲ್ಲಿ ಕೇಸರಿ ಶಾಲು ಹಾಕಿಕೊಂಡು ಬಂದ ಹುಡುಗರ ಮುಖವನ್ನೂ ನೀವು ತೋರಿಸಿದಿರಿ. ಅವರಲ್ಲೂ ಹದಿನೆಂಟು ತುಂಬದವರು ಬೇಕಾದಷ್ಟು ಜನ ಇದ್ದರು. ಯಾರೋ ಹಂಚಿದ ಶಾಲು ಹಾಕಿಕೊಂಡು ಆ ಗಳಿಗೆಯ ಆವೇಶದಲ್ಲಿ ಕೂಗಿದವರು. ಅವರೂ ನನ್ನ ಮಕ್ಕಳೇ. ಅವರ ಮುಖವನ್ನೂ ಮಸುಕು ಮಾಡಿ ಎಂದು ಕೇಳುತ್ತೇನೆ. ಇಪ್ಪತ್ತೈದರ ವಯಸ್ಸಿನಲ್ಲಿ ಅವರು ಏನಾಗಬೇಕು ಎಂಬುದನ್ನು ಹದಿನೇಳರಲ್ಲಿ ತೆಗೆದ ಒಂದು ವಿಡಿಯೋ ತೀರ್ಮಾನ ಮಾಡಬಾರದು.

ನನ್ನ ಹಳೇ ವಿದ್ಯಾರ್ಥಿಯೊಬ್ಬ ತಾಲೂಕು ಮಟ್ಟದಲ್ಲಿ ಒಂದು ಚಾನೆಲ್ಲಿಗೆ ಸ್ಟ್ರಿಂಗರ್ ಆಗಿ ಕೆಲಸ ಮಾಡುತ್ತಾನೆ. ತಿಂಗಳ ಸಂಬಳ ಇಲ್ಲ, ಸುದ್ದಿಗೆ ಇಷ್ಟು ಎಂದು ಕೊಡುತ್ತಾರೆ. ಅವನನ್ನು ಕೇಳಿದೆ, ಮಕ್ಕಳ ಹಿಂದೆ ಯಾಕಪ್ಪಾ ಓಡಿದಿರಿ ಎಂದು. "ಬೈಟ್ ಇಲ್ದೆ ಫೀಡ್ ಕಳಿಸಿದ್ರೆ ಡೆಸ್ಕಿನವರು ಬೈತಾರೆ ಮೇಡಂ. ಪಕ್ಕದ ಚಾನೆಲ್ಲಿನಲ್ಲಿ ಆಗಲೇ ಬಂತು, ನಿನ್ನದು ಎಲ್ಲಿ ಅಂತ ಫೋನು ಬರುತ್ತೆ" ಎಂದ. ಬೈಟ್ ಎಂದರೆ ಕ್ಯಾಮೆರಾ ಮುಂದೆ ಜನ ಆಡಿದ ಮಾತು, ಫೀಡ್ ಎಂದರೆ ಚಾನೆಲ್ಲಿಗೆ ಕಳಿಸುವ ವಿಡಿಯೋ. ಅವನು ಕೆಟ್ಟ ಹುಡುಗನಲ್ಲ. ಅದಕ್ಕೇ ಈ ಪತ್ರವನ್ನು ಅವನಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ಅವನ ಫೋನಿಗೆ ಬೆಂಗಳೂರಿನಿಂದ ಬರುವ ಒಂದು ಮಾತು ಬದಲಾದರೆ ಅವನ ಕೆಲಸವೂ ಬದಲಾಗುತ್ತದೆ. "ಮಕ್ಕಳ ಮುಖ ಬೇಡ, ದೂರದಿಂದ ಒಂದು ಶಾಟ್ ಸಾಕು, ಪ್ರಿನ್ಸಿಪಾಲರ ಹತ್ತಿರ ಮಾತಾಡಿ, ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ಹತ್ತಿರ ಮಾತಾಡಿ" ಎಂದು ನೀವು ಹೇಳಿದರೆ ಸಾಕು. ಸುದ್ದಿಯೂ ಉಳಿಯುತ್ತದೆ. ನಿಜಕ್ಕೂ ಆವತ್ತು ಪ್ರಶ್ನೆ ಕೇಳಬೇಕಾದದ್ದು ಅವರನ್ನೇ. ತರಗತಿಯೊಳಗೆ ಎಂದು ಆದೇಶ ಇರುವಾಗ ಗೇಟಿನಲ್ಲಿ ಯಾಕೆ ತೆಗೆಸುತ್ತೀರಿ, ಮಕ್ಕಳಿಗೆ ಒಂದು ಕೋಣೆ ಕೊಡಲು ಯಾಕೆ ಆಗಲಿಲ್ಲ ಎಂದು ಅಧಿಕಾರಿಗಳನ್ನು ಕೇಳಿದ್ದರೆ ಅದು ದೊಡ್ಡ ಸುದ್ದಿಯಾಗುತ್ತಿತ್ತು. ನಮ್ಮ ಶಾಲೆಯೂ ಉತ್ತರ ಹೇಳಬೇಕಾಗುತ್ತಿತ್ತು.

ನಾನು ಕೇಳುತ್ತಿರುವುದು ಜಾಸ್ತಿ ಇಲ್ಲ. ಆ ಫೆಬ್ರವರಿಯ ವಿಡಿಯೋಗಳನ್ನು ನಿಮ್ಮ ಯೂಟ್ಯೂಬ್, ಫೇಸ್‌ಬುಕ್, ವೆಬ್‌ಸೈಟುಗಳಿಂದ ತೆಗೆಯಿರಿ. ನಿಮ್ಮ ಲೈಬ್ರರಿಯಲ್ಲಿ ಅವಕ್ಕೆ 'ಮತ್ತೆ ಬಳಸಬಾರದು' ಎಂದು ಗುರುತು ಹಾಕಿ, ಇಲ್ಲದಿದ್ದರೆ ನಾಳೆ ಸುಪ್ರೀಂ ಕೋರ್ಟಿನಲ್ಲಿ ಈ ವಿಷಯ ಬಂದ ದಿನ ಹೊಸಬರು ಯಾರೋ ಅದನ್ನೇ ಎತ್ತಿ ಹಾಕುತ್ತಾರೆ. ಸುದ್ದಿಗೆ ಸಂಬಂಧವಿಲ್ಲದವರ ಮುಖವನ್ನು ಫೈಲ್ ಶಾಟ್ ಎಂದು ಬಳಸುವುದನ್ನು ನಿಲ್ಲಿಸಿ. ಮನೆಗೆ ನುಗ್ಗಿ ತೆಗೆದ ವಿಡಿಯೋ ಬಂದರೆ ಒಳಗೆ ಇದ್ದವರ ಮುಖ ಮುಚ್ಚಿ, ನುಗ್ಗಿದವರು ಯಾರು ಎಂದು ಕೇಳಿ. ಮತ್ತೆ, ದೂರು ಕೊಡುವವರಿಗೆ ಕನ್ನಡದಲ್ಲಿ ಮಾತಾಡುವ ಒಬ್ಬರ ಹೆಸರು, ಒಂದು ಫೋನ್ ನಂಬರ್ ನಿಮ್ಮ ಪರದೆಯ ಮೇಲೆ ದಿನಕ್ಕೆ ಒಂದು ಸಲವಾದರೂ ತೋರಿಸಿ. 2021ರ ಕೇಬಲ್ ಟಿವಿ ನಿಯಮಗಳ ಪ್ರಕಾರ ಬಂದ ದೂರಿಗೆ 15 ದಿನದೊಳಗೆ ಉತ್ತರಿಸುವುದು ನಿಮ್ಮ ಹೊಣೆ. ಆ ಹೊಣೆ ಇದೆ ಎಂಬುದು ಬೀಡಿ ಕಟ್ಟುವ ತಾಯಿಗೂ ತಿಳಿಯಲಿ.

ನಮ್ಮ ಶಾಲೆಯ ಹುಡುಗಿಯರಲ್ಲಿ ಕೆಲವರು ಈಗ ಪ್ರಾಪ್ತ ವಯಸ್ಕರು. ಅವರನ್ನು ಕೇಳಿ, ಅವರು ಒಪ್ಪಿದ ಮೇಲೆ, ಅವರಿರುವ ವಿಡಿಯೋಗಳ ಲಿಂಕುಗಳನ್ನು ಪಟ್ಟಿ ಮಾಡಿದ್ದೇನೆ. ಸಂಬಂಧಪಟ್ಟ ಚಾನೆಲ್ಲುಗಳಿಗೆ ಈ ವಾರ ಸ್ಪೀಡ್ ಪೋಸ್ಟಿನಲ್ಲಿ ಪ್ರತ್ಯೇಕವಾಗಿ ಕಳಿಸುತ್ತೇನೆ. ಲಕೋಟೆಯ ಮೇಲೆ ಸಂಪಾದಕರಿಗೆ ಎಂದೇ ಬರೆದಿರುತ್ತೇನೆ. ದಯವಿಟ್ಟು ನೀವೇ ತೆರೆಯಿರಿ. ಆ ಪಟ್ಟಿಯನ್ನು ಸುದ್ದಿ ಮಾಡಬೇಡಿ, ಆ ಹುಡುಗಿಯರನ್ನು ಹುಡುಕಿಕೊಂಡು ಯಾರನ್ನೂ ಕಳಿಸಬೇಡಿ, ಕ್ಷಮೆ ಕೇಳುವ ಕಾರ್ಯಕ್ರಮಕ್ಕೂ ಕರೆಯಬೇಡಿ. ವಿಡಿಯೋ ಅಳಿಸಿದ ಮೇಲೆ ಆ ಲಕೋಟೆಯ ಪತ್ರದಲ್ಲಿರುವ ನನ್ನ ವಿಳಾಸಕ್ಕೆ ಒಂದು ಸಾಲು ಬರೆದು ತಿಳಿಸಿ. ಅವರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ಇಂತಿ,
ಒಬ್ಬ ಹೈಸ್ಕೂಲ್ ಕನ್ನಡ ಶಿಕ್ಷಕಿ